ಬೀಗರಿಗೆ ಬಡಿಸಿದ ಬಿತ್ತನೆ ಅವರೆ

ಹುಣಸೂರಿನ ನನ್ನ ಔಷಧಿ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ, ಒಂದು ಮಾತ್ರೆ ಡಬ್ಬಿ ಇದೆ. ಅದರೊಳಗೆ ಇರುವುದು ಒಂದೇ ಒಂದು ಕರಿ ಅವರೆಕಾಳು. ಆ ಕಾಳಿಗೆ ಒಂದು ತೂತು. ತೂತು ಎಷ್ಟು ದುಂಡಗಿದೆ ಎಂದರೆ, ಯಾರೋ ಅಕ್ಕಸಾಲಿಗರು ಪೋಣಿಸಲಿಕ್ಕೆಂದು ಕೊರೆದಂತಿದೆ. ಬಂದ ಗಿರಾಕಿಗಳು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಯಾವ ಕಾಯಿಲೆಗೆ ಸಾರ್?" ಎಂದು ಕೇಳುತ್ತಾರೆ. ಸಕ್ಕರೆ ಕಾಯಿಲೆಗೆ ಇರಬೇಕೆಂದು ತಾವೇ ತೀರ್ಮಾನಿಸಿ ಬೆಲೆ ವಿಚಾರಿಸಿದವರೂ ಇದ್ದಾರೆ. ಇದು ಔಷಧಿಯಲ್ಲ ಎಂದರೆ ಅವರಿಗೆ ನಂಬಿಕೆಯಿಲ್ಲ. ಔಷಧಿಯಲ್ಲದ್ದನ್ನು ಔಷಧಿ ಅಂಗಡಿಯವನು ಯಾಕೆ ಡಬ್ಬಿಯಲ್ಲಿ ಹಾಕಿಡುತ್ತಾನೆ?

ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ನಾನು ಬೇಸಾಯದ ಮನೆಯಲ್ಲಿ ಹುಟ್ಟಿದವನಾದರೂ ಬೇಸಾಯ ಬಲ್ಲವನಲ್ಲ. ಮಾತ್ರೆಯ ಆಕಾರ ನೋಡಿ ಅದು ಯಾವುದೆಂದು ಹೇಳಬಲ್ಲೆ. ಎಳೆಯ ಅವರೆ ಗಿಡವನ್ನೂ ಎಳೆಯ ಅಲಸಂದೆ ಗಿಡವನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಮಾತು ಬೇರೆ ಕಡೆಗೆ ತಿರುಗಿಸುತ್ತೇನೆ. ಕಾಳಿನ ವಿಷಯದಲ್ಲಿ ನನಗಿದ್ದ ತಿಳಿವಳಿಕೆಯೆಲ್ಲ ತಟ್ಟೆಗೆ ಬಂದ ಮೇಲಿನದು. ಮಿರ್ಲೆಯ ಹತ್ತಿರ ಇರುವ ನಮ್ಮಕ್ಕ ಜಯಮ್ಮನ ಮನೆಯ ಅವರೆ ಸಾರಿನ ಮೇಲೆ ನನಗೆ ಪ್ರೀತಿ. ಆ ಪ್ರೀತಿಗೆ ಕಾರಣ ಬೀಜದಲ್ಲಿದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಅಕ್ಕನ ಕೈಯಲ್ಲಿದೆ ಎಂದುಕೊಂಡಿದ್ದೆ.

ಅಕ್ಕನ ಅವರೆ ಕೆಂಪು. ಕುಂಕುಮದ ಕೆಂಪಲ್ಲ, ಹದವಾಗಿ ಸುಟ್ಟ ಹೆಂಚಿನ ಬಣ್ಣ. ಅಂಚಿನಲ್ಲಿ ಬಿಳಿಯ ಗೀಟು. ರಾಗಿ ಹೊಲದಲ್ಲಿ ಅಷ್ಟಷ್ಟು ದೂರಕ್ಕೆ ಒಂದು ಅಕ್ಕಡಿ ಸಾಲು ಬಿಟ್ಟು, ಜೋಳ, ಹುಚ್ಚೆಳ್ಳಿನ ಜೊತೆಗೆ ಅವಳು ಅದನ್ನು ಹಾಕುತ್ತಾಳೆ. ಮಾರ್ಗಶಿರದ ಇಬ್ಬನಿ ಬಿದ್ದ ಮೇಲೆ ಅದರ ಕಾಯಿಗೆ ಬರುವ ಸೊಗಡು ಮುಟ್ಟಿದ ಕೈಯನ್ನು ಸಾಯಂಕಾಲದವರೆಗೂ ಬಿಡುವುದಿಲ್ಲ. ಒಣಗಿದ ಕಾಳಿನಲ್ಲಿ ಒಳ್ಳೆಯದನ್ನು ಆರಿಸಿ, ಹುಳ ಬೀಳದಂತೆ ಕೆಮ್ಮಣ್ಣು ಕಲಸಿ ಒಣಗಿಸಿ, ಮಡಕೆಯಲ್ಲಿ ತುಂಬಿ, ಅಟ್ಟದ ಮೇಲಿಡುತ್ತಾಳೆ. ಅದು ನಮ್ಮ ಅವ್ವ ಅವಳಿಗೆ ಕೊಟ್ಟ ಬೀಜ. ಅವ್ವ ಈಗಿಲ್ಲ.

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗಳು ಸವಿತಾಳ ಸೀಮಂತದ ದಿನ ಗೊತ್ತುಮಾಡಲು ಬೀಗರು ಬರುವುದಿತ್ತು. ಅವರದು ಎಚ್.ಡಿ. ಕೋಟೆ ತಾಲ್ಲೂಕು, ಎನ್. ಬೇಗೂರಿನ ಆಚೆ, ಕಾಡಂಚಿನ ಊರು. ನಾಳೆಯೇ ಬರುತ್ತೇವೆ ಎಂದು ಅವರು ಫೋನು ಮಾಡಿದಾಗ ಅಕ್ಕ ಮನೆಯಲ್ಲಿರಲಿಲ್ಲ. ನೆಂಟರ ಮನೆಯ ತಿಥಿಗೆಂದು ಚುಂಚನಕಟ್ಟೆಗೆ ಹೋಗಿದ್ದಳು. ಮನೆಯಲ್ಲಿದ್ದವರು ನಮ್ಮ ಭಾವ ಬೆಟ್ಟೇಗೌಡರು ಒಬ್ಬರೇ. ಭಾವ ಧಾರಾಳಿ. ಬೀಗರಿಗೆ ಬರಿಯ ಬೇಳೆಸಾರು ಬಡಿಸಿದರೆಂಬ ಮಾತು ಕಾವೇರಿಯಿಂದ ಕಬಿನಿಯವರೆಗೆ ಹರಡುವುದು ಅವರಿಗೆ ಬೇಡವಾಗಿತ್ತು. ಹಿತಕವರೆ ಸಾರು ಮಾಡಿಬಿಡೋಣವೆಂದು ಅಟ್ಟ ಹತ್ತಿ, ಮಡಕೆ ಇಳಿಸಿ, ಮಣ್ಣು ಜಾಲಿಸಿ, ರಾತ್ರಿಯೇ ಕಾಳು ನೆನೆಹಾಕಿದರು.

ಸೋದರಮಾವನೆಂಬ ಅಧಿಕಾರದಿಂದ ನಾನೂ ಬೆಳಗ್ಗೆ ಹೋದೆ. ಇಬ್ಬರೂ ಜಗಲಿಯಲ್ಲಿ ಕುಳಿತು ನೆನೆದ ಕಾಳನ್ನು ಹಿತುಕಿದೆವು. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರಬೇಕು. ನನ್ನ ಬೇಳೆಗಳು ಅಂಗಳಕ್ಕೆ ಹಾರಿದವು, ಒಂದು ಕೋಳಿಯ ಬೆನ್ನಿಗೂ ಹೊಡೆದವು. "ಕೋಳಿಗೂ ಊಟ ಹಾಕ್ತಿದ್ದೀಯ, ಪುಣ್ಯ ಬತ್ತದೆ ಬುಡು" ಎಂದರು ಭಾವ. ಹಾಗೆ ಹಿತುಕುವಾಗ ನಾನೊಂದು ಕಂಡೆ. ಕೆಂಪು ಸಿಪ್ಪೆ ಕಳಚಿದ ಪ್ರತಿ ಬೇಳೆಯ ಸಂದಿನಲ್ಲೂ ಹಕ್ಕಿಯ ಕೊಕ್ಕಿನಂಥ ಪುಟ್ಟ ಮೊಳಕೆ ಮಡಚಿಕೊಂಡು ಮಲಗಿತ್ತು. ಒಂದು ರಾತ್ರಿಯ ನೀರಿಗೆ ಅದು ಕಣ್ಣು ಬಿಡಲು ಸಿದ್ಧವಾಗಿತ್ತು. ನೋಡಿದೆ, ಚೆಂದ ಎನಿಸಿತು, ಪಾತ್ರೆಗೆ ಹಾಕಿದೆ. ಪಾತ್ರೆ ಒಲೆಗೆ ಹೋಯಿತು.

ಸಾರು ಚೆನ್ನಾಗಿತ್ತು. ಬೀಗಿತ್ತಿ ನಿಂಗಮ್ಮನವರು, ಗಂಡಸರು ಮಾಡಿದ ಸಾರೆಂದು ನಂಬದೆ, ಅಡುಗೆಮನೆಗೆ ಹೋಗಿ ಇಣುಕಿ ಬಂದರು. ನಾನು ಮೂರು ಸಲ ಬಡಿಸಿಕೊಂಡೆ.

ಅವರು ಹೊರಟುಹೋದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಅಕ್ಕ ಬಂದಳು. ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕಿದ್ದ ಮಡಕೆ ಅವಳ ಕಣ್ಣಿಗೆ ಮೊದಲು ಬಿತ್ತು.

"ಇದ್ಯಾಕೆ ಇಲ್ಲಿ ಅದೆ?"

"ತೊಳ್ದು ಮಡಗಿವ್ನಿ ಕಣೆ" ಎಂದರು ಭಾವ, ಸ್ವಲ್ಪ ಹೆಮ್ಮೆಯಿಂದಲೇ.

"ಒಳಗಿದ್ದುದ್ದು?"

"ಬೀಗ್ರಿಗೆ ಸಾರು ಮಾಡ್ದೆ. ಏನ್ ರುಚಿ ಅಂತೀಯ! ನಿನ್ ತಮ್ಮನ್ನೇ ಕೇಳು."

ಅಕ್ಕ ನನ್ನ ಕಡೆ ನೋಡಿದಳು. "ಎಲ್ಲಾನೂವಾ?" ಎಂದು ಭಾವನನ್ನು ಕೇಳಿದಳು, ನನ್ನನ್ನು ನೋಡುತ್ತಲೇ.

"ಎಲ್ಲಾನೂ. ಅರ್ಧಂಬರ್ಧ ಮಾಡಕಾಯ್ತದಾ ಬೀಗ್ರಿಗೆ?"

"ನೀನೂ ಉಂಡೇನ್ಲಾ?"

"ಉಂಡೆ ಅಕ್ಕ."

"ಚೆನ್ನಾಗಿತ್ತಾ?"

ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು ಆಗುವ ಪ್ರಶ್ನೆಗಳಿರುತ್ತವೆ. ಅಕ್ಕ ಬಯ್ಯಲಿಲ್ಲ, ಅಳಲಿಲ್ಲ. ಮಡಕೆಯನ್ನು ಎತ್ತಿ ಒಳಗೆ ಕೈಹಾಕಿ ಸುತ್ತಲೂ ತಡವಿದಳು, ಮೂಲೆಯಿಲ್ಲದ ಮಡಕೆಯಲ್ಲಿ ಮೂಲೆ ಹುಡುಕುವವಳ ಹಾಗೆ. ಆಮೇಲೆ, "ಅದು ಅವ್ವನ ಬೀಜ ಕಣ್ರೀ" ಎಂದಳು. ನನಗೆ ಬೆಳಗ್ಗೆ ಕಂಡ ಆ ಕೊಕ್ಕುಗಳೆಲ್ಲ ನೆನಪಾದವು.

"ಕೆ.ಆರ್. ನಗರದ ಸಂತೇಲಿ ಅವರೆ ಸಿಗಲ್ವಾ? ಮೂಟೆ ತಂದಾಕ್ತೀನಿ ಬುಡು" ಎಂದರು ಭಾವ. ಸಿಗುತ್ತದೆ. ಈಗ ಎಲ್ಲ ಕಾಲಕ್ಕೂ ಕಾಯಿ ಬಿಡುವ ಅವರೆ ಸಿಗುತ್ತದೆ. ಅದಕ್ಕೆ ಇಬ್ಬನಿಯೂ ಬೇಡ, ಮಾರ್ಗಶಿರವೂ ಬೇಡ. ಆಷಾಢದ ಮಳೆಗೆ ರಾಗಿ ಬಿತ್ತನೆ. ಅದರೊಳಗೆ ಅವ್ವನ ಬೀಜ ಎಲ್ಲಾದರೂ ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ಅಕ್ಕಡಿ ಸಾಲು ಬೇರೆಯವರ ಅವರೆಗೆ.

ಮಾರನೆಯ ದಿನದಿಂದ ಅಕ್ಕ ಫೋನು ಹಿಡಿದು ಕುಳಿತಳು. ನಮ್ಮ ಕಡೆ ಬೀಜ ಹೋಗುವ ದಾರಿಯೇ ಹೆಣ್ಣುಮಕ್ಕಳು. ತವರಿಂದ ಗಂಡನ ಮನೆಗೆ ಹೋಗುವಾಗ ಸೀರೆ, ಪಾತ್ರೆಯ ಜೊತೆಗೆ ಒಂದು ಗಂಟು ಅವರೆಯೋ ಸೋರೆಯೋ ಹೋಗುತ್ತದೆ. ಅಕ್ಕನ ಫೋನು ಕೇಳುತ್ತ ಕುಳಿತಾಗ ನನಗೆ ನಾಲ್ಕು ತಾಲ್ಲೂಕುಗಳ ನಕ್ಷೆಯೇ ಬೇರೆ ರೀತಿ ಕಾಣತೊಡಗಿತು. ರಸ್ತೆ, ನಾಲೆ ಯಾವುದೂ ಇಲ್ಲದ ನಕ್ಷೆ. ಯಾರ ಮಗಳನ್ನು ಎಲ್ಲಿಗೆ ಕೊಟ್ಟರು ಎಂಬ ಗೆರೆಗಳು ಮಾತ್ರ, ಪ್ರತಿ ಗೆರೆಯ ತುದಿಗೆ ಒಂದು ಬಳ್ಳಿ. ಆದರೆ ಫೋನಿನ ಆ ಕಡೆಯಿಂದ ಬಂದ ಉತ್ತರಗಳಲ್ಲಿ ಬಳ್ಳಿ ಇರಲಿಲ್ಲ. ಹುಣಸೂರು ಕಡೆಯ ಅತ್ತಿಗೆ ಹೊಗೆಸೊಪ್ಪು ಹಾಕಿದ್ದಳು. ಇನ್ನೊಬ್ಬಳ ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟಾಗಿತ್ತು. ಮತ್ತೊಬ್ಬಳದು ಮುಸುಕಿನ ಜೋಳ. ಕೊನೆಗೆ ಉಳಿದವಳು ಪಿರಿಯಾಪಟ್ಟಣದ ಕಡೆಯ ಚಿಕ್ಕವ್ವ, ನಮ್ಮ ಅವ್ವನ ತಂಗಿ. "ಐತೆ ಬಾರವ್ವ" ಎಂದಳು.

ಹೋದೆವು. ಚಿಕ್ಕವ್ವ ಸೋರೆಬುರುಡೆಯಿಂದ ಕಾಳು ಸುರಿದಳು. ಎಲ್ಲವೂ ಕಪ್ಪು.

"ಇದು ಕರೀದು. ಅವ್ವಂದು ಕೆಂಪಲ್ವಾ ಚಿಕ್ಕವ್ವ?"

"ನಮ್ಮವ್ವನ ಪುಟ್ಟೀಲಿ ಎರಡೂ ಇದ್ವು ಕಣವ್ವ. ನಿಮ್ಮವ್ವ ಕೆಂಪುನ್ನ ಆರಿಸ್ಕಂಡು ಹೋದ್ಲು, ಅವಳ್ಗೆ ಬಣ್ಣದ ಆಸೆ. ನಾನು ಕರೀದ್ನ ತಗಂಡೆ. ದೃಷ್ಟಿ ಆಗಲ್ಲ ಅಂತ."

"ನಿಮ್ಮ ಹೊಲ್ದಲ್ಲಿ ಕೆಂಪು ಒಂದೂ ಬರಲ್ವಾ?"

"ಬತ್ತವೆ, ವರ್ಸವರ್ಸ, ಅಲ್ಲೊಂದು ಬಳ್ಳಿ ಇಲ್ಲೊಂದು ಬಳ್ಳಿ. ಬೆರಕೆ ಆಗ್ಬಾರ್ದಲ್ಲ, ಆರಿಸಿ ಸಾರಿಗೆ ಹಾಕ್ಬುಡ್ತೀನಿ. ಈ ವರ್ಸದ್ದು ಯುಗಾದಿಗೇ ಮುಗ್ದೋಯ್ತು."

ಅಕ್ಕ ನನ್ನ ಮುಖ ನೋಡಿ ಮೊದಲ ಸಲ ನಕ್ಕಳು. ಅವಳೂ ಅದನ್ನೇ ಮಾಡುತ್ತಿದ್ದಳಂತೆ. ಜೇನುಹುಳ ಪಕ್ಕದ ಹೊಲದಿಂದ ಏನೇನೋ ಹೊತ್ತು ತರುತ್ತದೆ. ತನ್ನ ಕೆಂಪು ಕಾಳಿನಲ್ಲಿ ಆಗೊಂದು ಈಗೊಂದು ಕಪ್ಪು ಕಂಡರೆ, ಬೆರಕೆಯೆಂದು ಆರಿಸಿ ಸಾರಿಗೆ ಹಾಕುತ್ತಿದ್ದಳು. ಎರಡು ಮನೆಗಳಲ್ಲಿ, ಎರಡು ತಾಲ್ಲೂಕುಗಳಲ್ಲಿ, ಇಷ್ಟು ವರ್ಷ ಬೆರಕೆಯೆಂದು ಒಲೆಗೆ ಹೋದದ್ದು ಒಬ್ಬಳೇ ಅಜ್ಜಿಯ ಬುಟ್ಟಿಯ ಇನ್ನೊಂದು ಅರ್ಧ.

ಕರಿಯದನ್ನೇ ಒಂದು ಬೊಗಸೆ ಕಟ್ಟಿಸಿಕೊಂಡು ಬಸ್ಸು ಹತ್ತಿದೆವು. ಕಿಟಕಿಯಾಚೆಯ ಹೊಲಗಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆ ದಿನ ಅವು ನೆಂಟರಿಷ್ಟರ ಗುಂಪಿನಂತೆ ಕಂಡವು. ಹೊಗೆಸೊಪ್ಪು ಅಮೆರಿಕದ ಕಡೆಯದು. ಮುಸುಕಿನ ಜೋಳವೂ ಅಲ್ಲಿಯದೇ. ನಮ್ಮ ಸಾರಿಗೆ ಖಾರ ಕೊಡುವ ಮೆಣಸಿನಕಾಯಿಯೂ ಅಲ್ಲಿಯದೇ. ನಮ್ಮದೇ ಎಂದು ಎದೆ ತಟ್ಟಿಕೊಳ್ಳುವ ರಾಗಿಯ ಮೂಲ ಹುಡುಕಿದವರು ಆಫ್ರಿಕದ ಬೆಟ್ಟಗಳಿಗೆ ಹೋಗಿ ನಿಲ್ಲುತ್ತಾರೆ. ಅವರೆಯ ಕಾಡುನೆಂಟರನ್ನೂ ಆ ಕಡೆಯೇ ತೋರಿಸುತ್ತಾರೆ. ಅದನ್ನು ಯಾರು ಯಾರ ಮಡಿಲಿಗೆ ಹಾಕಿದರೋ, ಎಷ್ಟು ಮಡಿಲುಗಳನ್ನು ದಾಟಿ ಅದು ಅಜ್ಜಿಯ ಬುಟ್ಟಿಗೆ ಬಂತೋ. ಮುಸುಕಿನ ಜೋಳದ ಹಿಂದೆಯೇ, ಎಷ್ಟೋ ಕಾಲದ ಮೇಲೆ, ಅದರ ತವರಿನ ಹುಳವೂ ಬಂದು ಸೇರಿತು. ಸುಳಿಯಲ್ಲಿ ಅವಿತು ತಿನ್ನುವ ಆ ಹುಳದ ಹಣೆಯ ಮೇಲೆ ತಲೆಕೆಳಗಾದ ನಾಮದಂಥ ಗುರುತಿದೆ. ಭಾವನ ಪಕ್ಕದ ಹೊಲದವರು ಬೆಳಗಾದರೆ ಅದನ್ನು ಕೊಲ್ಲಲು ಸುಳಿಸುಳಿಗೆ ಒಂದೊಂದು ಚಿಟಿಕೆ ಮರಳು ಹಾಕುತ್ತಿದ್ದರು. "ಭಕ್ತನ ಹಂಗೆ ಬಂದು ಬೆಳೆ ಮೇಯ್ತಾನೆ ನೋಡು" ಎಂದು ಭಾವ ನನಗೆ ಆ ಹುಳವನ್ನು ಪರಿಚಯ ಮಾಡಿಕೊಟ್ಟಿದ್ದರು. ಬಸ್ಸಿನಲ್ಲಿ ಅಕ್ಕ ನಿದ್ದೆ ಹೋದಳು. ಅವಳ ತೊಡೆಯ ಮೇಲಿದ್ದ ಗಂಟನ್ನು ನಾನು ಹಿಡಿದುಕೊಂಡೆ. ಅಷ್ಟು ಹಗುರವಾದ ಗಂಟನ್ನು ಅಷ್ಟು ಗಟ್ಟಿಯಾಗಿ ನಾನು ಹಿಂದೆಂದೂ ಹಿಡಿದಿರಲಿಲ್ಲ.

ಬಿತ್ತನೆಯವರೆಗೆ ಅದನ್ನು ನಾನೇ ಜೋಪಾನ ಮಾಡುತ್ತೇನೆಂದು ಕೇಳಿ ತೆಗೆದುಕೊಂಡೆ; ಭಾವ ಇರುವ ಮನೆಯಲ್ಲಿ ಬೇಡ ಎಂದು ನಮ್ಮಿಬ್ಬರ ಒಳಒಪ್ಪಂದ. ನನಗೆ ಗೊತ್ತಿದ್ದ ಜೋಪಾನವೆಂದರೆ ಮಾತ್ರೆ ಡಬ್ಬಿ. ತುಂಬಿ, ಬಿಗಿಯಾಗಿ ಮುಚ್ಚಿ, 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂದು ಬರೆದಿದ್ದ ಚೀಟಿಯ ಸಮೇತ ಕಪಾಟಿನಲ್ಲಿಟ್ಟೆ. ಕೆಲವು ದಿನಗಳ ಮೇಲೆ, ಪಕ್ಕದ ಮರಗೆಲಸದ ಅಂಗಡಿಯ ಸಾಬರು ಮೊಣಕಾಲು ನೋವಿನ ಮುಲಾಮಿಗೆ ಬಂದವರು ಕಪಾಟನ್ನೇ ದಿಟ್ಟಿಸಿ ನಿಂತರು.

"ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಾತ್ರೆ ನಡೀತಾ ಅವೆ."

ನಡೆಯುತ್ತಿದ್ದವು. ಡಬ್ಬಿಯ ಒಳಗೋಡೆಯ ಮೇಲೆ ಸಾಸಿವೆಗಿಂತ ತುಸು ದೊಡ್ಡ, ಕಂದು ಬಣ್ಣದ ಕುಟ್ಟೆಹುಳಗಳು ಹತ್ತುತ್ತಿದ್ದವು, ಜಾರುತ್ತಿದ್ದವು, ಮತ್ತೆ ಹತ್ತುತ್ತಿದ್ದವು. ಡಬ್ಬಿಯನ್ನು ಕಾಗದದ ಮೇಲೆ ಸುರಿದೆ. ಆ ಗಳಿಗೆಯಲ್ಲಿ ನಮ್ಮ ಕಣ್ಣೆದುರಿಗೇ ಒಂದು ಕರಿ ಕಾಳಿನ ಮೇಲೆ ದುಂಡಗೆ, ನಾಣ್ಯ ಅಚ್ಚೊತ್ತಿದಂತೆ, ಒಂದು ಗೆರೆ ಮೂಡಿತು. ಗೆರೆಯೊಳಗಿನ ಸಿಪ್ಪೆ ಬಾಗಿಲಿನ ಹಾಗೆ ತೆರೆಯಿತು. ಎರಡು ಮೀಸೆ ಹೊರಬಂದವು. ಆಮೇಲೆ ತಲೆ. ಅದು ಸ್ವಲ್ಪ ಹೊತ್ತು ಹಾಗೇ ನಿಂತಿತು, ಊರು ಯಾವುದೆಂದು ವಿಚಾರಿಸುವ ಪ್ರಯಾಣಿಕನಂತೆ. ಸಾಬರೂ ನಾನೂ ಕಾಗದದ ಮೇಲೆ ಬಗ್ಗಿದೆವು. "ಯಾ ಅಲ್ಲಾ, ನಮ್ಮ ಬೈರಿಗೆಯಲ್ಲೂ ಇಷ್ಟು ದುಂಡಗೆ ಬರಲ್ಲ" ಎಂದರು ಅವರು. ಮನುಷ್ಯ ಕಾಳು ಕಟ್ಟಿಕೊಂಡು ಹೋದಲ್ಲೆಲ್ಲ ಈ ಜಾತಿಯೂ ಟಿಕೆಟ್ಟಿಲ್ಲದೆ ಹೋಗಿದೆ. ಅದಕ್ಕೂ ಅದರ ಅವ್ವ ಕೊಟ್ಟದ್ದು ಅದೇ ಕಾಳು. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ.

ಅಕ್ಕನಿಗೆ ಫೋನು ಮಾಡಿದೆ. "ಮಣ್ಣು ಕಟ್ಬೇಕಿತ್ತು ಕಣ್ಲಾ ದಡ್ಡ! ನಿಮ್ಮಿಬ್ರಲ್ಲಿ ಯಾರು ವಾಸಿ? ಅವ್ರು ಬೇಯಿಸ್ತಾರೆ, ನೀನು ಹುಳ ಸಾಕ್ತೀಯ." ತೂತು ಬೀಳದ ಕಾಳುಗಳನ್ನು ಆರಿಸಿ, ಬಿಸಿಲಿಗೆ ಹಾಕಿ, ಅವಳಿಗೇ ಮುಟ್ಟಿಸಿದೆ. ಬೊಗಸೆಯಲ್ಲಿ ಅರ್ಧ ಉಳಿದಿತ್ತು. ಬಾಗಿಲು ತೆರೆದ ಆ ಕಾಳನ್ನು ಮಾತ್ರ ನಾನು ಇಟ್ಟುಕೊಂಡೆ.

ಸೀಮಂತ ಬಂತು. ಬೀಗರ ಅಂಗಳದಲ್ಲಿ ಸವಿತಾಳನ್ನು ಕೂರಿಸಿ, ಹೆಂಗಸರು ಒಬ್ಬೊಬ್ಬರಾಗಿ ಮಡಿಲು ತುಂಬುತ್ತಿದ್ದರು. ನಿಂಗಮ್ಮನವರು ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ, ಕೊನೆಗೆ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಕಾಳು ಹಾಕಿದರು. ಹೆಂಚಿನ ಬಣ್ಣ, ಬಿಳಿಯ ಗೀಟು. ಅಲ್ಲಲ್ಲಿ ಕೆಮ್ಮಣ್ಣು ಇನ್ನೂ ಅಂಟಿಕೊಂಡಿತ್ತು. ಅಕ್ಕನ ಕೈಯ ಅರಿಶಿನದ ಬಟ್ಟಲು ಓರೆಯಾಯಿತು.

"ನಿಮ್ಮೆಜಮಾನ್ರದ್ದು ಎಂಥಾ ದೊಡ್ಡ ಮನ್ಸು ಬೀಗಿತ್ತೇರೆ" ಎಂದು ನಿಂಗಮ್ಮನವರು ಎಲ್ಲರಿಗೂ ಕೇಳುವಂತೆ ಹೇಳಿದರು. "ಅವತ್ತು ನಾವು ಹೊರಡೋವಾಗ ಪಕ್ಕದ್ಮನೆಯವ್ರನ್ನ ಕರೆಸಿ ನನ್ ಮಡಿಲಿಗೆ ಬಿತ್ತನೆ ಬೀಜಾನೇ ಹಾಕ್ಸವ್ರೆ! ಬೇಯ್ಸಕೆ ಮನ್ಸು ಬರ್ನಿಲ್ಲ. ಇವಳ ಸೀಮಂತಕ್ಕೇ ಅಂತ ಮಡಗಿದ್ದೆ."

ನಡೆದದ್ದು ಇಷ್ಟು. ಮನೆಗೆ ಬಂದ ಮುತ್ತೈದೆಯನ್ನು ಬರಿ ಮಡಿಲಲ್ಲಿ ಕಳಿಸುವಂತಿಲ್ಲ. ಅಕ್ಕ ಇಲ್ಲದ್ದರಿಂದ ಭಾವ ಪಕ್ಕದ ಮನೆಯಾಕೆಯನ್ನು ಕೂಗಿ, ಅವಳು ಏನು ಹಾಕಲಿ ಎಂದಾಗ, ಮಡಕೆಯ ತಳದಲ್ಲಿ ಉಳಿದದ್ದನ್ನು ಬಳಿದು ಕೊಟ್ಟಿದ್ದರು. ನಾನು ಆಗ ಹೊರಗೆ ಬೀಗರ ಬೈಕಿನ ಹತ್ತಿರ ನಿಂತಿದ್ದೆ. ಭಾವನಿಗೆ ಅದು ಮರೆತೇ ಹೋಗಿತ್ತು. ಈಗ ಹೊಗಳಿಕೆ ಕೇಳಿ ಅವರು ಪೇಟ ಕಟ್ಟಿದವರಂತೆ ನೆಟ್ಟಗಾದರು. ಅಕ್ಕ ಅವರ ಕಡೆ ನೋಡಿದ ನೋಟದಲ್ಲಿ ಏನೇನಿತ್ತೋ, ನಾನು ಹೇಳಲಾರೆ.

"ಅರ್ಧ ಕೇಳಿ ಇಸ್ಕೊಳ್ಳಕ್ಕ" ಎಂದು ನಾನು ಪಿಸುಗುಟ್ಟಿದೆ.

"ಮಗಳ ಮಡಿಲಿಗೆ ಬಿದ್ದುದ್ದ ತವರ್ನೋಳು ವಾಪಸ್ ಕೇಳ್ತಾಳೇನ್ಲಾ? ಬಾಯ್ಮುಚ್ಚು."

ಅವ್ವನ ಬೀಜ ಕೈಗೆಟಕುವ ದೂರದಲ್ಲಿತ್ತು. ಅಕ್ಕ ಕೈ ಚಾಚಲಿಲ್ಲ. ಸವಿತಾ ಹೆರಿಗೆಗೆ ತವರಿಗೆ ಬಂದಳು. ಬೀಜವನ್ನು ನಿಂಗಮ್ಮನವರೇ ಸೊಸೆಯ ಹೆಸರಲ್ಲಿ ಅಲ್ಲಿ ಬಿತ್ತಿದರು. ಇಲ್ಲಿ ಅಕ್ಕ ತನ್ನ ಅಕ್ಕಡಿ ಸಾಲಿಗೆ ಚಿಕ್ಕವ್ವನ ಕರಿಯದನ್ನು ಹಾಕಿದಳು. ಖಾತ್ರಿಯಾದದ್ದು ಅಲ್ಲಿ, ಅನುಮಾನದ್ದು ಇಲ್ಲಿ.

ಬಳ್ಳಿ ಹೂ ಬಿಡುವ ಹೊತ್ತಿಗೆ ನಿಂಗಮ್ಮನವರ ಫೋನು ಬಂತು. ದನಿ ಸಣ್ಣದಾಗಿತ್ತು. "ಬೀಗಿತ್ತೇರೆ, ನಿಮ್ ಬೀಜ ಉಳಿಸ್ಕಳಾಕೆ ಆಗ್ನಿಲ್ಲ. ಒಂದೇ ರಾತ್ರೀಲಿ ಜಿಂಕೆ ಮೇಯ್ದೋದ್ವು. ಕಾಡೊಳಗೆ ಮೇವೆಲ್ಲಿ ಅದೆ? ಲಂಟಾನ ತುಂಬ್ಕಂಡದೆ." ಲಂಟಾನ ಕೂಡ ದೂರದಿಂದ ಬಂದದ್ದೇ. ಯಾರೋ ದೊರೆಗಳು ಹೂವು ಚೆಂದವೆಂದು ತೋಟಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಕಾಡಿಗೆ ಒಯ್ದವು. ಅದು ಹುಲ್ಲನ್ನು ಮುಚ್ಚಿತು. ಹಸಿದ ಜಿಂಕೆ ಬೇಲಿ ದಾಟಿತು. ಎಲ್ಲಿಯ ಹೂವು, ಎಲ್ಲಿಯ ಅವ್ವ. ಅಕ್ಕ ಫೋನಿನಲ್ಲಿ ಬೀಗಿತ್ತಿಯನ್ನೇ ಸಮಾಧಾನ ಮಾಡಿದಳು. ಇಟ್ಟ ಮೇಲೆ ಮೊಮ್ಮಗುವನ್ನು ಎತ್ತಿಕೊಂಡು ಹೊಲದ ಕಡೆ ಹೋದಳು.

ಪುಷ್ಯದಲ್ಲಿ ಅವಳು ನನ್ನನ್ನು ಕರೆಸಿದಳು. ಏನೆಂದು ಹೇಳಲಿಲ್ಲ. ಹೊಲಕ್ಕೆ ಕರೆದೊಯ್ದು, ರಾಗಿ ಕೊಯ್ದ ಕೂಳೆಯ ನಡುವೆ ನಿಂತಿದ್ದ ಅಕ್ಕಡಿ ಸಾಲಿನ ಒಣಗಿದ ಕಾಯಿ ಬಿಡಿಸಿ ತೋರಿಸಿದಳು. ಕಪ್ಪು. ಮುಂದಿನ ಬಳ್ಳಿ, ಕಪ್ಪು. ಅದರ ಮುಂದಿನದೂ ಕಪ್ಪು. ಸಾಲಿನ ನಡುವೆ ಒಂದು ಬಳ್ಳಿಯ ಹತ್ತಿರ ನಿಂತು, "ನೀನೇ ಬಿಡ್ಸು" ಎಂದಳು. ಕಾಯಿ ಒಡೆದು ಬಾಯಿ ತೆರೆಯಿತು. ಒಳಗೆ ಸಾಲಾಗಿ, ಹದವಾಗಿ ಸುಟ್ಟ ಹೆಂಚಿನ ಬಣ್ಣ.

ಬೇರೆ ಬೇರೆ ಗುಣಗಳು ಒಂದರ ನೆರಳಲ್ಲಿ ಇನ್ನೊಂದು ಅಡಗಿ, ತಲೆಮಾರು ದಾಟಿ ಹೊರಬರುತ್ತವೆ ಎಂದು ನಾನು ಓದಿದ್ದೆ, ಪರೀಕ್ಷೆಯಲ್ಲಿ ತಳಿಶಾಸ್ತ್ರದ ಚೌಕ ಬರೆದು ಅಂಕವನ್ನೂ ಪಡೆದಿದ್ದೆ. ಕಪ್ಪಿನೊಳಗೆ ಕೆಂಪು ಇದ್ದೇ ಇತ್ತು. ಚಿಕ್ಕವ್ವ ವರ್ಷವರ್ಷ ಬೇಯಿಸಿಯೂ ಅದು ಮುಗಿದಿರಲಿಲ್ಲ. ಅವಳು ಬೇಯಿಸಿದ್ದು ಕಂಡದ್ದನ್ನು ಮಾತ್ರ. ಆದರೆ ಅಂಗೈ ಮೇಲೆ ಆ ಕಾಯಿ ಇಟ್ಟುಕೊಂಡು ನಿಂತಾಗ ಓದಿದ್ದು ಯಾವುದೂ ನೆನಪಾಗಲಿಲ್ಲ.

"ಅವ್ವ ಎಲ್ಲೂ ಹೋಗಿರ್ನಿಲ್ಲ ಕಣ್ಲಾ. ಚಿಕ್ಕವ್ವನ ಮನೇಲಿದ್ಲು" ಎಂದಳು ಅಕ್ಕ.

ಸಂಕ್ರಾಂತಿ ಕಳೆದು ಸವಿತಾ ಮಗುವಿನ ಸಮೇತ ಗಂಡನ ಮನೆಗೆ ಹೊರಟ ದಿನ, ಕರೆದೊಯ್ಯಲು ಬೀಗರು ಬಂದಿದ್ದರು. ಅಕ್ಕ ಮೊರದಲ್ಲಿ ಕಾಳು ಹರಡಿಕೊಂಡು ಕುಳಿತಿದ್ದಳು. ಈ ಸಲ ಅವಳು ಬಣ್ಣ ಆರಿಸುತ್ತಿರಲಿಲ್ಲ; ತೂತು ಬಿದ್ದದ್ದನ್ನು, ಸುಕ್ಕಿದ್ದನ್ನು ಮಾತ್ರ ತೆಗೆಯುತ್ತಿದ್ದಳು. ಕೆಂಪು, ಕಪ್ಪು ಎರಡೂ ಮೊರದಲ್ಲಿ ಉಳಿದವು. ಭಾವ ಬಾಗಿಲಲ್ಲಿ ನಿಂತು, ಕಲಿತ ಪಾಠ ಒಪ್ಪಿಸುವವರಂತೆ ಕೇಳಿದರು: "ಇದು ಬಿತ್ತನೇದಾ, ಸಾರಿಂದಾ?"

"ಮೊದ್ಲು ಅವಳ ಮಡಿಲಿಗೆ. ಆಮೇಲೆ ಚಿಕ್ಕವ್ವಂಗೆ ಒಂದು ಗಂಟು. ಆಮೇಲೆ ಮಡಕೆಗೆ. ಉಳ್ದುದ್ದು ಸಾರಿಗೆ. ಹಾಕಿ, ನೆನೆಹಾಕಿ, ನಿಮ್ ಸಾರು ಅಂದ್ರೆ ಬೀಗ್ರಿಗೆ ಪ್ರಾಣ ಅಲ್ವಾ."

ಬೀಗರು ಆ ದಿನ ಉಳಿದರು. ಮಾರನೆಯ ಬೆಳಗ್ಗೆ ಭಾವನೂ ನಾನೂ ಮತ್ತೆ ಜಗಲಿಯಲ್ಲಿ ಕುಳಿತು ಹಿತುಕಿದೆವು. ಈಗ ನನ್ನ ಬೇಳೆಗಳು ಬಹುಪಾಲು ಪಾತ್ರೆಗೇ ಬೀಳುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಪಾತ್ರೆಯೊಳಗೆ ಕೈಯಾಡಿಸಿ ನೋಡಿದೆ, ಯಾವುದು ಕೆಂಪಿನದು, ಯಾವುದು ಕಪ್ಪಿನದು ಎಂದು. ಒಂದೂ ಗೊತ್ತಾಗಲಿಲ್ಲ. ಸಿಪ್ಪೆಗಳು ಎರಡು ಬಣ್ಣದವು ನಮ್ಮ ಕಾಲಬಳಿ ರಾಶಿ ಬಿದ್ದಿದ್ದವು. ಬೇಳೆಗಳೆಲ್ಲ ಒಂದೇ ಬಣ್ಣ, ಎಲ್ಲದರ ಸಂದಿನಲ್ಲೂ ಅದೇ ಪುಟ್ಟ ಕೊಕ್ಕು.

"ಏನ್ ಹುಡುಕ್ತಾ ಇದ್ದೀಯ?" ಎಂದರು ಭಾವ.

"ಏನಿಲ್ಲ" ಎಂದೆ. ಅಂಗಳದ ಕೋಳಿ ಕತ್ತು ಚಾಚಿ ನನ್ನನ್ನೇ ನೋಡುತ್ತಿತ್ತು. ಅದಕ್ಕೂ ಒಂದು ಬೇಳೆ ಎಸೆದೆ.